ದಾಖಲೆಯಲ್ಲಿ ಕಳ್ಳನ ಹೆಜ್ಜೆ ಕಂಡ ಜೇಮ್ಸ್ ಆಂಡರ್ಸನ್

ಆಡೂರು (ಹಾನಗಲ್ಲ): ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನವಿದೆ. ಜಿನಾಲಯಕ್ಕೆ ಬಿಟ್ಟುಕೊಟ್ಟ ಭೂಮಿಯ ವಿವರವನ್ನು ಅದರಲ್ಲಿ ಕೊರೆಯಲಾಗಿದೆ. ಕಲ್ಲಿನ ಮೇಲಿನ ಅಕ್ಷರವನ್ನು ಯಾರಾದರೂ ತಿದ್ದಿದರೆ ಉಳಿಯ ಗುರುತು ಉಳಿಯುತ್ತದೆ. ಇಂದು ಅದೇ ಊರಿನ ರೈತನ ಉತಾರ ಕಂಪ್ಯೂಟರಿನಲ್ಲಿದೆ. ಅಲ್ಲಿ ಒಂದು ಹೆಸರನ್ನು ಅಳಿಸಿ ಮತ್ತೊಂದನ್ನು ಬರೆದರೆ ಪರದೆಯ ಮೇಲೆ ಯಾವ ಗಾಯವೂ ಕಾಣದು. ಹಾಗಾದರೆ ಒಳನುಗ್ಗಿದವನನ್ನು ಪತ್ತೆ ಹಚ್ಚುವುದು ಹೇಗೆ? ಈ ಪ್ರಶ್ನೆಗೆ ಕ್ರಮಬದ್ಧ ಉತ್ತರವನ್ನು ಮೊದಲು ಬರೆದವರಲ್ಲಿ ಅಗ್ರಗಣ್ಯರು ಅಮೆರಿಕದ ಜೇಮ್ಸ್ ಪಿ. ಆಂಡರ್ಸನ್.

ಹವಾಮಾನದಿಂದ ಕಂಪ್ಯೂಟರಿನತ್ತ

ಆಂಡರ್ಸನ್ ಅವರು ಕಾಲೇಜಿನಲ್ಲಿ ಓದಿದ್ದು ಹವಾಮಾನ ವಿಜ್ಞಾನವನ್ನು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪದವಿ ಪಡೆದ ಅವರು ಅಮೆರಿಕದ ನೌಕಾದಳ ಸೇರಿ, ರೇಡಿಯೋ ಅಧಿಕಾರಿಯಾಗಿಯೂ ಕೆಲಸ ಮಾಡಿದರು. ಗುಪ್ತ ಸಂದೇಶಗಳ ಬಗೆಗಿನ ಆಸಕ್ತಿ ಅವರಲ್ಲಿ ಮೊಳೆತದ್ದು ಅಲ್ಲಿಯೇ. 1956ರಲ್ಲಿ ಯೂನಿವ್ಯಾಕ್ ಸಂಸ್ಥೆ ಸೇರಿದರು. ನಂತರ ಬರೋಸ್ ಸಂಸ್ಥೆಯಲ್ಲಿ, ಸೇನೆಯ ಬಳಕೆಗಾಗಿ ರೂಪುಗೊಂಡ ಡಿ-825 ಕಂಪ್ಯೂಟರಿನ ವಿನ್ಯಾಸದಲ್ಲಿ ಪಾಲ್ಗೊಂಡರು. ಮುಂದೆ ಸಂಬಳದ ನೌಕರಿ ಬಿಟ್ಟು, ಫಿಲಡೆಲ್ಫಿಯಾ ಬಳಿಯ ಫೋರ್ಟ್ ವಾಷಿಂಗ್ಟನ್‌ನಲ್ಲಿ ತಮ್ಮದೇ ಹೆಸರಿನ ಸಣ್ಣ ಸಲಹಾ ಸಂಸ್ಥೆಯನ್ನು ನಡೆಸಿದರು.

ಆ ಕಾಲದ ಕಂಪ್ಯೂಟರ್ ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದಾಗಿತ್ತು. ಮೊದಮೊದಲು ಕೋಣೆಗೆ ಬೀಗ ಹಾಕಿ ಕಾವಲುಗಾರನನ್ನು ನಿಲ್ಲಿಸಿದರೆ ರಕ್ಷಣೆ ಮುಗಿಯುತ್ತಿತ್ತು. 1960ರ ದಶಕದಲ್ಲಿ ಒಂದೇ ಯಂತ್ರವನ್ನು ಅನೇಕರು ದೂರದಿಂದಲೇ ಏಕಕಾಲಕ್ಕೆ ಬಳಸುವ ಪದ್ಧತಿ ಬಂದಿತು. ಬಾಗಿಲಿಗೆ ಬೀಗವಿದ್ದರೂ ತಂತಿಯ ಮೂಲಕ ಒಳಬರುವ ದಾರಿ ತೆರೆದುಕೊಂಡಿತು. ಅಮೆರಿಕದ ವಾಯುಪಡೆಗೆ ಇದು ದೊಡ್ಡ ಚಿಂತೆಯಾಯಿತು. ಪರಿಹಾರ ಸೂಚಿಸಲು ಅದು ನೇಮಿಸಿದ ತಜ್ಞರ ತಂಡಕ್ಕೆ ಆಂಡರ್ಸನ್ ಅವರು ವರದಿ ಬರೆದುಕೊಟ್ಟರು.

1972ರ ಅಕ್ಟೋಬರ್‌ನಲ್ಲಿ ಸಿದ್ಧವಾದ ಆ ವರದಿ ಇಂದಿಗೂ ಪಠ್ಯಗಳಲ್ಲಿ ಉಳಿದಿದೆ. ಕಡತವೊಂದನ್ನು ಕೇಳುವ ಪ್ರತಿಯೊಂದು ಕೋರಿಕೆಯನ್ನೂ ತಡೆದು ಪರಿಶೀಲಿಸುವ ಕಾವಲುಗಾರ ಯಂತ್ರದೊಳಗೆಯೇ ಇರಬೇಕು ಎಂಬುದು ಅದರ ತಿರುಳು. ಆ ಕಾವಲುಗಾರನನ್ನು ಯಾರೂ ಕೆಡಿಸಲಾಗದಂತಿರಬೇಕು, ಅವನ ಕಣ್ತಪ್ಪಿಸಿ ಹೋಗುವ ದಾರಿ ಇರಕೂಡದು, ಪೂರ್ಣವಾಗಿ ಪರೀಕ್ಷಿಸಿ ನೋಡಲು ಸಾಧ್ಯವಾಗುವಷ್ಟು ಅವನು ಚಿಕ್ಕವನಾಗಿರಬೇಕು. ಈ ಮೂರು ಷರತ್ತುಗಳೇ ಮುಂದೆ, 1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರತಂದ ಕಂಪ್ಯೂಟರ್ ಭದ್ರತಾ ಮಾನದಂಡಕ್ಕೆ ತಳಹದಿಯಾದವು. ಉಪಕಾರಿಯಂತೆ ಕಾಣುತ್ತಾ ಒಳಗೆ ದ್ರೋಹ ಬಗೆಯುವ ಟ್ರೋಜನ್ ಹಾರ್ಸ್ ತಂತ್ರಾಂಶದ ಅಪಾಯವನ್ನೂ ಇದೇ ವರದಿ ಎತ್ತಿ ತೋರಿಸಿತು.

ಬೇಲಿಯೇ ಹೊಲ ಮೇಯ್ದರೆ?

ಕಾವಲು ಎಷ್ಟೇ ಬಿಗಿಯಾಗಿದ್ದರೂ ಕಳ್ಳ ಒಳಬರಬಹುದು ಎಂಬುದನ್ನು ಆಂಡರ್ಸನ್ ಅರಿತಿದ್ದರು. 1980ರ ಏಪ್ರಿಲ್‌ನಲ್ಲಿ ಅವರು ಬರೆದ ಮತ್ತೊಂದು ವರದಿಯ ವಿಷಯ ಇದೇ ಆಗಿತ್ತು. ಯಾರು, ಎಷ್ಟು ಹೊತ್ತಿಗೆ ಒಳಬಂದರು, ಯಾವ ಕಡತ ತೆರೆದರು ಎಂಬ ದಾಖಲೆಯನ್ನು ಕಂಪ್ಯೂಟರ್‌ಗಳು ಆಗಲೇ ಬರೆದಿಡುತ್ತಿದ್ದವು. ಆದರೆ ಅದು ಬಹುಮಟ್ಟಿಗೆ ಬಳಕೆಯ ಲೆಕ್ಕ ಹಾಕುವುದಕ್ಕಾಗಿ ಇತ್ತು. ಕಾಗದದ ರಾಶಿಯಲ್ಲಿ ಕಳ್ಳನ ಸುಳಿವು ಹುಡುಕುವುದು ಮನುಷ್ಯನಿಂದ ಆಗದ ಕೆಲಸ. ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕೆಂದು ಆಂಡರ್ಸನ್ ಸೂಚಿಸಿದರು. ಪ್ರತಿಯೊಬ್ಬ ಬಳಕೆದಾರನ ದಿನನಿತ್ಯದ ರೂಢಿಯನ್ನು ಅಂಕಿಸಂಖ್ಯೆಗಳಲ್ಲಿ ಅಳೆಯಬೇಕು. ಹಗಲು ಮಾತ್ರ ಕೆಲಸ ಮಾಡುವವನ ಹೆಸರಿನಲ್ಲಿ ನಡುರಾತ್ರಿ ನೂರಾರು ಕಡತಗಳು ತೆರೆದರೆ, ಯಂತ್ರವು ತಾನಾಗಿಯೇ ಎಚ್ಚರಿಸಬೇಕು.

ನುಸುಳುಕೋರರನ್ನು ಅವರು ವಿಂಗಡಿಸಿದ ರೀತಿಯೂ ಗಮನಾರ್ಹ. ಹೊರಗಿನಿಂದ ಬರುವವನು ಒಂದು ಬಗೆ. ಬೇರೊಬ್ಬರ ಗುಪ್ತಪದ ಕದ್ದು ಅವರ ವೇಷದಲ್ಲಿ ಬರುವವನು ಇನ್ನೊಂದು ಬಗೆ. ಅಧಿಕಾರವಿದ್ದೂ ಅದನ್ನು ದುರುಪಯೋಗ ಮಾಡುವವನು ಮತ್ತೊಂದು ಬಗೆ. ದಾಖಲೆ ಬರೆಯುವ ವ್ಯವಸ್ಥೆಗೇ ಕಾಣದಂತೆ ಓಡಾಡುವವನು ಕೊನೆಯವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಹಿಡಿಯುವುದು ಕಷ್ಟವೆಂಬ ನಮ್ಮ ಹಿರಿಯರ ಅನುಭವವೇ ಆ ವರದಿಯಲ್ಲೂ ಇದೆ. ವೇಷಧಾರಿಯ ನಡತೆ ರೂಢಿಗಿಂತ ಭಿನ್ನವಾಗಿರುತ್ತದೆ. ಅಧಿಕಾರವಿದ್ದವನ ನಡತೆ ಹಾಗೆ ಸುಲಭವಾಗಿ ಎದ್ದು ಕಾಣದು.

ಈ ಬೀಜ ಬೇಗನೆ ಮೊಳೆಯಿತು. ಇದೇ ಜಾಡಿನಲ್ಲಿ ಡೊರೊಥಿ ಡೆನಿಂಗ್ ಅವರು 1987ರಲ್ಲಿ ನುಸುಳುವಿಕೆ ಪತ್ತೆಯ ಮಾದರಿಯೊಂದನ್ನು ಪ್ರಕಟಿಸಿದರು. ದಾಖಲೆಯ ಬೆಲೆ ಏನೆಂಬುದು ಅದಕ್ಕೂ ಮುನ್ನ, 1986ರಲ್ಲಿಯೇ, ಕ್ಯಾಲಿಫೋರ್ನಿಯಾದಲ್ಲಿ ಸಾಬೀತಾಗಿತ್ತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಲೆಕ್ಕದಲ್ಲಿ ಬಂದ ಕೇವಲ 75 ಸೆಂಟ್ ವ್ಯತ್ಯಾಸವನ್ನು ಬೆನ್ನಟ್ಟಿದ ಕ್ಲಿಫರ್ಡ್ ಸ್ಟಾಲ್ ಅವರಿಗೆ, ಜರ್ಮನಿಯಲ್ಲಿ ಕುಳಿತಿದ್ದ ನುಸುಳುಕೋರ ಸಿಕ್ಕಿಬಿದ್ದ. 1998ರಲ್ಲಿ ಬಂದ ಸ್ನಾರ್ಟ್ ಎಂಬ ಉಚಿತ ತಂತ್ರಾಂಶದಿಂದ ಜಾಲದ ಕಾವಲು ಸಾಮಾನ್ಯ ಬಳಕೆದಾರರ ಕೈಗೂ ಎಟುಕಿತು.

ಉತಾರದ ಕಾವಲು

ಆಂಡರ್ಸನ್ ಅವರ ಚಿಂತನೆಗೆ ಕರ್ನಾಟಕದಲ್ಲಿ ಹತ್ತಿರದ ಉದಾಹರಣೆ ಭೂಮಿ ಯೋಜನೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಈ ಯೋಜನೆಯಲ್ಲಿ, ಸಿಬ್ಬಂದಿ ಗುಪ್ತಪದವನ್ನಷ್ಟೇ ನೆಚ್ಚದೆ ಬೆರಳಚ್ಚು ಕೊಟ್ಟು ಒಳಬರುವ ವ್ಯವಸ್ಥೆ ಮಾಡಲಾಯಿತು. ಬದಲಾವಣೆ ಮಾಡಿದವರು ತಾವಲ್ಲವೆಂದು ನುಣುಚಿಕೊಳ್ಳಬಾರದೆಂಬುದೇ ಇದರ ಉದ್ದೇಶ. ಬೆಂಗಳೂರಿನಲ್ಲಿ 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾಯಿತು. ಸಂಸ್ಥೆಗಳು ತಮ್ಮ ಕಂಪ್ಯೂಟರ್ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದು ಕೇಂದ್ರದ ಸರ್ಟ್-ಇನ್ 2022ರಲ್ಲಿ ಆದೇಶಿಸಿತು.

ಮನೆಯ ಕಂಪ್ಯೂಟರಿಗೂ ಈ ಪಾಠ ಅನ್ವಯಿಸುತ್ತದೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕ್ ಬಂದಾಗಿನಿಂದ ವಿಂಡೋಸ್‌ನ ಫೈರ್‌ವಾಲ್ ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ಆರಿಸಬಾರದು. ನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆಯ ಬದಲು ಸಾಮಾನ್ಯ ಖಾತೆ ಬಳಸುವುದು, ತಂತ್ರಾಂಶಗಳ ಅಪ್‌ಡೇಟ್ ತಪ್ಪಿಸದಿರುವುದು, ಒಂದೇ ಪಾಸ್‌ವರ್ಡ್ ಎಲ್ಲೆಡೆ ಬಳಸದಿರುವುದು ತಡೆಗಟ್ಟುವ ದಾರಿ. ಪತ್ತೆಗೆ ಇರುವುದು ಇವೆಂಟ್ ವ್ಯೂವರ್. ಕಂಪ್ಯೂಟರ್ ಬರೆದಿಡುವ ಲಾಗಿನ್ ವಿವರಗಳನ್ನು ಅದರಲ್ಲಿ ನೋಡಬಹುದು. ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ ಯಾರೋ ಲಾಗಿನ್ ಆಗಿದ್ದರೆ, ಆ ಕಂಪ್ಯೂಟರನ್ನು ಕೂಡಲೇ ಅಂತರ್ಜಾಲದಿಂದ ಬಿಡಿಸಿ, ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸುವುದು ಲೇಸು.

ಆಂಡರ್ಸನ್ ಅವರು 2007ರಲ್ಲಿ ನಿಧನರಾದರು. ತಂತ್ರಾಂಶ ಮಾರಿ ಕೋಟ್ಯಧೀಶರಾದವರ ಸಾಲಿನಲ್ಲಿ ಅವರ ಹೆಸರಿಲ್ಲ. ಆದರೆ ಬ್ಯಾಂಕಿನ ಖಾತೆಯಿಂದ ಹಿಡಿದು ಉತಾರದವರೆಗೆ, ಯಾರು ತಿದ್ದಿದರು ಎಂದು ರೈತನೊಬ್ಬ ಕೇಳಿದಾಗ ಉತ್ತರ ಸಿಗುವಂತಿದ್ದರೆ ಅದರಲ್ಲಿ ಅವರ ಪಾಲೂ ಇದೆ.