ಪಿಂಗ್ ಬರೆದ ಮೈಕ್ ಮ್ಯೂಸ್: ಒಂದು ರಾತ್ರಿಯ ಕೆಲಸ, ನಲವತ್ತು ವರ್ಷದ ಉಪಕಾರ

ಟರ್ಮಿನಲ್‌ನಲ್ಲಿ ದಿನಾ ಬೇಕಾಗೋ ಕಮಾಂಡ್‌ಗಳ ಪಟ್ಟಿ ಎಲ್ಲಿ ಹುಡುಕಿದ್ರೂ ಸಿಗುತ್ತೆ. ನೆಟ್‌ವರ್ಕ್ಸ್ ಲ್ಯಾಬ್‌ನ ರೆಕಾರ್ಡ್ ಪುಸ್ತಕದಲ್ಲೂ ಇದೆ, ವೈವಾಕ್ಕೆ ಮುಂಚೆ ವಾಟ್ಸಾಪ್ ಗುಂಪಿಗೆ ಬರೋ ಪಿಡಿಎಫ್‌ನಲ್ಲೂ ಇದೆ. ಆದ್ದರಿಂದ ಈ ಸಲ ನಾವು ಪಟ್ಟಿ ಕೊಡುವುದಿಲ್ಲ. ಒಂದೇ ಒಂದು ಕಮಾಂಡನ್ನೂ ಅದನ್ನು ಬರೆದ ಮನುಷ್ಯನ ಬದುಕನ್ನೂ ಹೇಳುತ್ತೇವೆ. ಕಮಾಂಡ್ ನಿಮಗೆ ಗೊತ್ತಿರೋದೇ: ಪಿಂಗ್. ಬರೆದವರು ಮೈಕ್ ಮ್ಯೂಸ್. ಕಮಾಂಡ್ ಗೊತ್ತಿರೋ ನೂರು ಜನರಲ್ಲಿ ಈ ಹೆಸರು ಗೊತ್ತಿರೋರು ಎಷ್ಟು ಮಂದಿ ಅಂತ ನೀವೇ ನಿಮ್ಮ ಕ್ಲಾಸಲ್ಲಿ ಕೇಳಿ ನೋಡಿ.

ಮೈಕ್ ಮ್ಯೂಸ್ ಹುಟ್ಟಿದ್ದು 1958ರ ಅಕ್ಟೋಬರ್ 16ರಂದು, ಅಮೆರಿಕದ ಅಯೋವಾ ಸಿಟಿಯಲ್ಲಿ. ಓದಿದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಕಾಲೇಜಿನಲ್ಲಿದ್ದಾಗಲೇ ಸೋನಾರ್ ಮತ್ತು ರೇಡಾರ್ ವ್ಯವಸ್ಥೆಗಳ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ ಸಾಕಷ್ಟು ಮಾಡಿದ್ದರು. ನೀರಿನೊಳಗೆ ಒಂದು ಸದ್ದು ಬಿಡೋದು, ಅದು ಎದುರಿನ ವಸ್ತುವಿಗೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು, ಅದರಿಂದ ದೂರ ಲೆಕ್ಕ ಹಾಕೋದು. ಸೋನಾರ್ ಅಂದ್ರೆ ಇಷ್ಟೇ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಓದಿನ ನಂತರ ಅವರು ಸೇರಿದ್ದು ಮೇರಿಲ್ಯಾಂಡ್‌ನ ಅಬರ್ಡೀನ್‌ನಲ್ಲಿದ್ದ ಅಮೆರಿಕನ್ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯನ್ನು. ಕಂಪ್ಯೂಟರ್ ಚರಿತ್ರೆ ಓದಿದವರಿಗೆ ಈ ಜಾಗ ಹೊಸದಲ್ಲ. ಫಿರಂಗಿ ಗುಂಡು ಎಲ್ಲಿ ಬೀಳುತ್ತೆ ಅನ್ನೋ ಕೋಷ್ಟಕಗಳನ್ನು ಲೆಕ್ಕ ಹಾಕೋಕೆ ಎನಿಯಾಕ್ ಯಂತ್ರವನ್ನು ಮಾಡಿಸಿಕೊಂಡದ್ದು ಇದೇ ಪ್ರಯೋಗಾಲಯ. 1947ರಲ್ಲಿ ಆ ಯಂತ್ರ ಅಬರ್ಡೀನ್‌ಗೆ ಬಂದು, 1955ರವರೆಗೆ ಅಲ್ಲೇ ಕೆಲಸ ಮಾಡಿತು. ಅಂಥ ಪರಂಪರೆಯಿದ್ದ ಜಾಗಕ್ಕೆ ಮ್ಯೂಸ್ ಹೋದಾಗ ಯೂನಿಕ್ಸ್ ಇನ್ನೂ ಹರೆಯದಲ್ಲಿತ್ತು.

ಅಲ್ಲಿ ಅವರಿಗೆ ಸಿಕ್ಕ ದೊಡ್ಡ ಕೆಲಸ ನೆಟ್‌ವರ್ಕಿಗೆ ಸಂಬಂಧಿಸಿದ್ದೇ ಅಲ್ಲ. 1979ರಲ್ಲಿ ಪ್ರಯೋಗಾಲಯಕ್ಕೆ ಯುದ್ಧವಾಹನಗಳನ್ನು ಕಂಪ್ಯೂಟರಿನೊಳಗೆ ಘನರೂಪದಲ್ಲಿ ಕಟ್ಟಿ ಪರೀಕ್ಷಿಸುವ ತಂತ್ರಾಂಶ ಬೇಕಾಗಿತ್ತು. ಆಗ ಸಿಗುತ್ತಿದ್ದ ಯಾವ ತಂತ್ರಾಂಶವೂ ಸಾಲಲಿಲ್ಲ. ಹಾಗಾಗಿ ಮ್ಯೂಸ್ ಮತ್ತು ಸಂಗಡಿಗರು ತಾವೇ ಬರೆಯೋಕೆ ಶುರು ಮಾಡಿದರು. ಅದೇ ಮುಂದೆ ಬಿಆರ್‌ಎಲ್-ಕ್ಯಾಡ್ ಆಯ್ತು. ಡಬ್ಬಿ, ಸಿಲಿಂಡರ್, ಗೋಳ ಇಂಥ ಸರಳ ಆಕಾರಗಳನ್ನು ಕೂಡಿಸಿ, ಕಳೆದು, ಒಂದರಲ್ಲೊಂದು ಛೇದಿಸಿ ಇಡೀ ಟ್ಯಾಂಕನ್ನು ಕಟ್ಟುವುದು. ಆಮೇಲೆ ಗೆರೆಯಂಥ ಕಿರಣಗಳನ್ನು ಅದರೊಳಗೆ ಹಾಯಿಸಿ, ಯಾವ ಭಾಗ ಎಷ್ಟು ದಪ್ಪ, ಗುಂಡು ಬಿದ್ದರೆ ಏನೇನು ಸಿಕ್ಕಿಕೊಳ್ಳುತ್ತೆ ಅಂತ ಲೆಕ್ಕ ಹಾಕುವುದು. ಇಂಜಿನಿಯರಿಂಗ್ ಗ್ರಾಫಿಕ್ಸ್ ಮಾಡಿದ ಎಲ್ಲರಿಗೂ ಇದರ ಕಷ್ಟ ಅರ್ಥವಾಗುತ್ತೆ. ಈ ಒಂದು ತಂತ್ರಾಂಶಕ್ಕೆ ಅವರು ಸುಮಾರು ಇಪ್ಪತ್ತು ವರ್ಷ ದುಡಿದರು. ಕಟ್ಟಿದ್ದು ಸೇನೆಗಾಗಿ ಅನ್ನೋದನ್ನು ನಾವು ಮುಚ್ಚಿಡಬೇಕಿಲ್ಲ. ನಾವು ಬಳಸೋ ಇಂಟರ್ನೆಟ್ಟಿನ ಬೇರುಗಳಲ್ಲಿ ಎಷ್ಟೋ ಬೇರು ಇಂಥ ಮಣ್ಣಿನಲ್ಲೇ ಇವೆ.

ಈಗ ಪಿಂಗ್ ವಿಷಯಕ್ಕೆ ಬರೋಣ. 1983ರ ಜನವರಿ 1ರಂದು ಅರ್ಪಾನೆಟ್ ಹಳೆಯ ನಿಯಮಾವಳಿ ಬಿಟ್ಟು ಟಿಸಿಪಿ/ಐಪಿಗೆ ಬದಲಾಗಿತ್ತು. ಎಲ್ಲವೂ ಹೊಸದು. ಎಲ್ಲಿ ಕೆಟ್ಟರೂ ಯಾಕೆ ಕೆಟ್ಟಿತು ಅಂತ ಹೇಳೋ ಉಪಕರಣಗಳು ಕಡಿಮೆ. ಆ ವರ್ಷದ ಜುಲೈನಲ್ಲಿ ನಾರ್ವೆಯಲ್ಲಿ ಒಂದು ಸಭೆ ನಡೆಯಿತು. ಅಲ್ಲಿ ಡೇವ್ ಮಿಲ್ಸ್ ಎಂಬ ವಿಜ್ಞಾನಿ, ತಮ್ಮ ಯಂತ್ರಗಳಲ್ಲಿ ಐಸಿಎಂಪಿ ಎಕೋ ಪ್ಯಾಕೆಟ್‌ಗಳನ್ನು ಕಳಿಸಿ ದಾರಿಯ ವಿಳಂಬ ಅಳೆದದ್ದನ್ನು ಮಾತಿನ ಮಧ್ಯೆ ಹೇಳಿದರು. ಎಕೋ ಅನ್ನೋ ವ್ಯವಸ್ಥೆ 1981ರಲ್ಲಿ ಪ್ರಕಟವಾದ ಐಸಿಎಂಪಿ ನಿಯಮಾವಳಿಯಲ್ಲೇ ಇತ್ತು. ಒಂದು ಯಂತ್ರ 8ನೇ ಬಗೆಯ ಸಂದೇಶ ಕಳಿಸಿದರೆ ಇನ್ನೊಂದು ಅದೇ ದತ್ತಾಂಶವನ್ನು 0 ಬಗೆಯ ಸಂದೇಶವಾಗಿ ಹಿಂದಿರುಗಿಸಬೇಕು. ಅಷ್ಟೇ. ಆದರೆ ಯೂನಿಕ್ಸ್ ಮುಂದೆ ಕೂತ ಸಾಮಾನ್ಯ ನಿರ್ವಾಹಕನ ಕೈಗೆ ಅದನ್ನು ಕೊಡೋ ಪ್ರೋಗ್ರಾಂ ಇರಲಿಲ್ಲ.

ಡಿಸೆಂಬರ್ ಬಂತು. ಮ್ಯೂಸ್ ಅವರ ಪ್ರಯೋಗಾಲಯದ ನೆಟ್‌ವರ್ಕ್ ವಿಚಿತ್ರವಾಗಿ ವರ್ತಿಸೋಕೆ ಶುರುವಾಯ್ತು. ಅವರಿಗೆ ನಾರ್ವೆಯ ಆ ಮಾತು ನೆನಪಾಯ್ತು. ಕೂತು ಬೇಗಬೇಗ ಪ್ರೋಗ್ರಾಂ ಬರೆದರು. ಕಂಪೈಲ್ ಆಯ್ತು, ಆದರೆ ಓಡಲಿಲ್ಲ. ಯಾಕೆಂದರೆ ಐಸಿಎಂಪಿ ಪ್ಯಾಕೆಟ್ಟನ್ನು ಪ್ರೋಗ್ರಾಂ ನೇರವಾಗಿ ಕಳಿಸಿ ಪಡೆಯೋ ಕಚ್ಚಾ ಸಾಕೆಟ್ಟಿಗೆ ಕರ್ನಲ್‌ನಲ್ಲಿ ಬೆಂಬಲವೇ ಇರಲಿಲ್ಲ. ಸಿಟ್ಟು ಬಂತು. ನಮ್ಮಲ್ಲಿ ಹಲವರು ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗ್ತಿದ್ದೆವು. ಅವರು ಕರ್ನಲ್‌ಗೇ ಕೈ ಹಾಕಿ, ಬೇಕಾದ ಭಾಗ ಬರೆದು ಸೇರಿಸಿದರು. ಬೆಳಗಾಗುವ ಮುಂಚೆ ಎಲ್ಲವೂ ಓಡುತ್ತಿತ್ತು.

ಆದರೆ ತಮಾಷೆ ನೋಡಿ. ಅವರು ಮೊದಲ ಪ್ಯಾಕೆಟ್ ಕಳಿಸೋ ಹೊತ್ತಿಗೆ, ಸಹೋದ್ಯೋಗಿಯೊಬ್ಬರು ಕೆಟ್ಟಿದ್ದ ಹಾರ್ಡ್‌ವೇರನ್ನು ಹುಡುಕಿ ಸರಿ ಮಾಡಿಬಿಟ್ಟಿದ್ದರು. ಯಾವ ತೊಂದರೆಗಾಗಿ ಪಿಂಗ್ ಹುಟ್ಟಿತೋ ಆ ತೊಂದರೆಗೆ ಅದು ಉಪಯೋಗಕ್ಕೇ ಬರಲಿಲ್ಲ!

ಪಿಂಗ್ ಅನ್ನೋ ಹೆಸರು ಯಾವುದೋ ನಾಲ್ಕು ಪದಗಳ ಮೊದಲಕ್ಷರ ಅಂತ ಹಲವು ನೋಟ್ಸ್‌ಗಳಲ್ಲಿ ಬರೆದಿರುತ್ತೆ. ಅದು ಆಮೇಲೆ ಬೇರೆಯವರು ಹೊಂದಿಸಿದ್ದು. ಮ್ಯೂಸ್ ಇಟ್ಟ ಹೆಸರು ಸೋನಾರಿನ ಸದ್ದಿನದ್ದು. ಕಾಲೇಜಿನಲ್ಲಿ ಕಲಿತ ಪ್ರತಿಧ್ವನಿಯ ಲೆಕ್ಕ ಇಲ್ಲಿ ಕೈ ಹಿಡಿಯಿತು. ಪ್ಯಾಕೆಟ್ ಬಿಡು, ವಾಪಸ್ ಬರೋಕೆ ಕಾಯಿ, ಹೊತ್ತು ಅಳೆ. ವೈವಾದಲ್ಲಿ ಕೇಳಿದ್ರೆ ಹೀಗೇ ಹೇಳಿ.

ಆ ಬೆಳಿಗ್ಗೆ ನೆಟ್‌ವರ್ಕ್ ಸರಿಯಾಗಿತ್ತು, ಪ್ರೋಗ್ರಾಂನ ಅಗತ್ಯ ಮುಗಿದಿತ್ತು. ಮ್ಯೂಸ್ ಅದನ್ನು ಒಂದು ಡೈರೆಕ್ಟರಿಯಲ್ಲಿ ಹಾಕಿ ಮರೆತುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರೋಗ್ರಾಂನ ಮೂಲವನ್ನೂ ಕರ್ನಲ್ ತಿದ್ದುಪಡಿಯನ್ನೂ ಬರ್ಕ್ಲಿಯ ಯೂನಿಕ್ಸ್ ತಂಡಕ್ಕೆ ಕೊಟ್ಟರು. ಅವರು ಖುಷಿಯಿಂದ ತೆಗೆದುಕೊಂಡರು. ಉಚಿತವಾಗಿ ಸಿಗುತ್ತಿದ್ದ ಕಾರಣ ಅದು ಒಂದೊಂದೇ ವ್ಯವಸ್ಥೆಗೆ ಹಬ್ಬಿತು, ಕೊನೆಗೆ ವಿಂಡೋಸ್‌ಗೂ ಬಂತು. ಕೆಲಸ ಮಾಡೋದು ಬೇರೆ, ಕೆಲಸವನ್ನು ಇನ್ನೊಬ್ಬರ ಕೈಗೆ ತಲುಪಿಸೋದು ಬೇರೆ. ಅವರ ಬದುಕಿನಲ್ಲಿ ನಮಗೆ ಬಹಳ ಮುಖ್ಯ ಅನ್ನಿಸಿದ್ದು ಈ ಎರಡನೆಯದು.

ಪಿಂಗ್ ಕುರಿತು ಮ್ಯೂಸ್ ಕೇಳಿದ ಕತೆಗಳಲ್ಲಿ ಅವರಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಒಂದಿದೆ. ಯೂಸ್‌ನಿಕ್ಸ್ ಸಮ್ಮೇಳನವೊಂದರಲ್ಲಿ ಒಬ್ಬ ನಿರ್ವಾಹಕ ಅವರಿಗೆ ಹೇಳಿದ್ದು. ಆತನ ಕಟ್ಟಡದ ಈಥರ್ನೆಟ್ ಆಗಾಗ ಕೈಕೊಡುತ್ತಿತ್ತು. ಆತ ಪಿಂಗ್‌ನ ಔಟ್‌ಪುಟ್ಟನ್ನು ಪೈಪ್ ಮೂಲಕ ಸೆಡ್‌ಗೆ ಕೊಟ್ಟು, ಪ್ರತಿ ಸಾಲನ್ನೂ ಪಿಂಗ್ ಅನ್ನೋ ಒಂದೇ ಪದಕ್ಕೆ ಇಳಿಸಿ, ಅದನ್ನು ಮಾತಾಡೋ ಪ್ರೋಗ್ರಾಂಗೆ ದಾಟಿಸಿದ. ಅದರ ಸದ್ದನ್ನು ಆಫೀಸಿನ ಸ್ಟೀರಿಯೋಗೆ ಜೋಡಿಸಿ ಜೋರು ಮಾಡಿದ. ಯಂತ್ರ ಸೆಕೆಂಡಿಗೊಮ್ಮೆ ಪಿಂಗ್ ಪಿಂಗ್ ಅಂತ ಕೂಗುತ್ತಿರಬೇಕಾದರೆ ಆತ ಕಟ್ಟಡವೆಲ್ಲ ತಿರುಗಾಡುತ್ತಾ ಒಂದೊಂದೇ ಕನೆಕ್ಟರನ್ನು ಅಲ್ಲಾಡಿಸಿದ. ಎಲ್ಲಿ ಸದ್ದು ನಿಂತಿತೋ ಅಲ್ಲೇ ಕಳ್ಳ! ಸಣ್ಣ ಕಮಾಂಡ್‌ಗಳನ್ನು ಪೈಪ್‌ನಿಂದ ಜೋಡಿಸೋದು ಅಂದ್ರೆ ಏನು ಅಂತ ಜೂನಿಯರ್‌ಗಳಿಗೆ ಹೇಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ನಿಮ್ಮ ಹಾಸ್ಟೆಲ್ ಕೋಣೆಗೆ ಉಪಯೋಗವಾಗೋ ಕ್ರಮವನ್ನೂ ಹೇಳಿಬಿಡ್ತೀವಿ. ನೆಟ್ ಹೋಯ್ತು ಅಂದ ಕೂಡಲೇ ರೂಟರ್ ಆಫ್ ಮಾಡಬೇಡಿ, ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು 127.0.0.1ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ನಿಮ್ಮದೇ ಯಂತ್ರದ ನೆಟ್‌ವರ್ಕ್ ತಂತ್ರಾಂಶ ಎಚ್ಚರವಾಗಿದೆ. ಆಮೇಲೆ ಗೇಟ್‌ವೇ. ಲಿನಕ್ಸ್‌ನಲ್ಲಿ ಐಪಿ ರೂಟ್ ಕಮಾಂಡ್ ಕೊಟ್ಟರೆ ಡೀಫಾಲ್ಟ್ ಅಂತ ಶುರುವಾಗೋ ಸಾಲಿನಲ್ಲಿ ಅದರ ವಿಳಾಸ ಇರುತ್ತೆ. ಅಲ್ಲಿಂದ ಉತ್ತರ ಬಂದರೆ ನಿಮ್ಮ ವೈಫೈ ಸರಿ ಇದೆ. ಮೂರನೆಯದು ಹೊರಗಿನ ಒಂದು ವಿಳಾಸ, ಉದಾಹರಣೆಗೆ 8.8.8.8. ಕೊನೆಗೆ ಯಾವುದಾದರೂ ಜಾಲತಾಣದ ಹೆಸರು. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್‌ ಮೇಲೆ ಅನುಮಾನ ಪಡಿ, ಡಿಗ್ ಅಥವಾ ಎನ್ಎಸ್‌ಲುಕಪ್ ಹಾಕಿ ನೋಡಿ. ವಿಂಡೋಸ್‌ನ ಪಿಂಗ್ ನಾಲ್ಕು ಸಲ ಕೇಳಿ ಸುಮ್ಮನಾಗುತ್ತೆ. ಲಿನಕ್ಸ್‌ನದ್ದು ನೀವು ಕಂಟ್ರೋಲ್ ಮತ್ತು ಸಿ ಒತ್ತೋವರೆಗೂ ಬಿಡೋದಿಲ್ಲ.

ಬರೋ ಮಿಲಿಸೆಕೆಂಡುಗಳನ್ನೂ ಓದಿ. ಗಾಜಿನ ನಾರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತೆ. ಬೆಂಗಳೂರಿನಿಂದ ದಿಲ್ಲಿಗೆ ನೇರ ಗೆರೆಯಲ್ಲಿ ಸುಮಾರು 1,700 ಕಿ.ಮೀ. ಹೋಗಿ ಬರೋಕೆ 17 ಮಿಲಿಸೆಕೆಂಡ್ ಬೇಕೇ ಬೇಕು. ಅದಕ್ಕಿಂತ ಬಹಳ ಕಡಿಮೆ ಬಂತು ಅಂದ್ರೆ ಉತ್ತರ ಕೊಟ್ಟ ಯಂತ್ರ ದಿಲ್ಲಿಯಲ್ಲಿಲ್ಲ. ಎಷ್ಟೇ ದುಡ್ಡು ಕೊಟ್ಟರೂ ಯಾವ ಪ್ಲಾನೂ ಈ ಮಿತಿಯನ್ನು ದಾಟಿಸೋದಿಲ್ಲ. ಗೇಮ್ ಆಡೋರಿಗೆ ವಿಶೇಷ ಸೂಚನೆ!

ಇನ್ನೊಂದು ಎಚ್ಚರ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಆ ಕಡೆಯ ಯಂತ್ರ ಸತ್ತಿದೆ ಅಂತಲ್ಲ. 1996ರ ಸುಮಾರಿಗೆ, ಐಪಿಯ ಗರಿಷ್ಠ ಮಿತಿಯಾದ 65,535 ಬೈಟ್ ಮೀರೋ ಪಿಂಗ್ ಪ್ಯಾಕೆಟ್ ಕಳಿಸಿ ಯಂತ್ರಗಳನ್ನು ಉರುಳಿಸೋ ಕಿಡಿಗೇಡಿತನ ಶುರುವಾಗಿತ್ತು. ಇಂಥವನ್ನೆಲ್ಲ ಕಂಡ ಮೇಲೆ ಹಲವು ಫೈರ್‌ವಾಲ್‌ಗಳು ಐಸಿಎಂಪಿಯನ್ನು ಬಾಗಿಲಲ್ಲೇ ತಡೀತವೆ. ಆಗ ಕರ್ಲ್ ಹಾಕಿ ವೆಬ್ ಸರ್ವರ್ ಮಾತಾಡುತ್ತಾ ಅಂತ ನೋಡಬೇಕು. ದಾರಿಯಲ್ಲಿ ಎಲ್ಲಿ ನಿಂತಿತು ಅಂತ ತಿಳೀಬೇಕಾದರೆ ಟ್ರೇಸ್‌ರೂಟ್ ಇದೆ. ಅದನ್ನು ವ್ಯಾನ್ ಜೇಕಬ್ಸನ್ ಬರೆದದ್ದು ಪಿಂಗ್ ಬಂದು ಕೆಲವು ವರ್ಷಗಳಾದ ಮೇಲೆ. ದಾರಿಯ ರೂಟರ್‌ಗಳು ಕಳಿಸೋ ಐಸಿಎಂಪಿ ಸಂದೇಶಗಳನ್ನು ಓದೋಕೆ ಅದಕ್ಕೂ ಬೇಕಾದದ್ದು ಅದೇ ಕಚ್ಚಾ ಸಾಕೆಟ್.

ಮ್ಯೂಸ್ ಪಿಂಗ್‌ಗೇ ನಿಲ್ಲಲಿಲ್ಲ. 1984ರ ಕೊನೆಯಲ್ಲಿ ಟೆರಿ ಸ್ಲ್ಯಾಟರಿ ಜೊತೆ ಸೇರಿ ಟಿಟಿಸಿಪಿ ಬರೆದರು. ಎರಡು ಯಂತ್ರಗಳ ನಡುವೆ ನಿಜವಾಗಿ ಎಷ್ಟು ದತ್ತಾಂಶ ಹರಿಯುತ್ತೆ ಅಂತ ಅಳೆಯೋ ಕಮಾಂಡ್ ಅದು. ಇವತ್ತು ನಾವು ಐಪರ್ಫ್‌ನಲ್ಲಿ ಮಾಡೋದು ಅದೇ ಬಗೆಯ ಕೆಲಸ. ಬೇರೆಯವರ ಕಂಪ್ಯೂಟರಿಗೆ ನುಗ್ಗುತ್ತಿದ್ದವರನ್ನು ಬೆನ್ನಟ್ಟಿದ ಕಾಲದ ಚರಿತ್ರೆಗಳಲ್ಲೂ ಅವರ ಹೆಸರು ಬರುತ್ತೆ. ಕ್ಲಿಫರ್ಡ್ ಸ್ಟೋಲ್ ಬರೆದ ಪ್ರಸಿದ್ಧ ಪುಸ್ತಕ ಕುಕ್ಕೂಸ್ ಎಗ್‌ನಲ್ಲಿ ಅವರಿದ್ದಾರೆ. 1993ರಲ್ಲಿ ಯೂಸ್‌ನಿಕ್ಸ್ ಸಂಘ ತನ್ನ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಬರ್ಕ್ಲಿ ತಂಡಕ್ಕೆ ಕೊಟ್ಟಾಗ, ಆ ಗೌರವದಲ್ಲಿ ಮ್ಯೂಸ್ ಅವರಿಗೂ ಪಾಲು ಬಂತು.

ಆದರೂ ಜನ ಅವರನ್ನು ಗುರುತಿಸಿದ್ದು ಪಿಂಗ್‌ನಿಂದಲೇ. ಇದು ಅವರಿಗೇ ಒಂದು ನಗುವಿನ ವಿಷಯವಾಗಿತ್ತು. ತನ್ನ ಬದುಕಿನ ಅತ್ಯಂತ ಪ್ರಸಿದ್ಧ ಕೆಲಸ ಇದೇ ಆಗುತ್ತೆ ಅಂತ ಆಗಲೇ ಗೊತ್ತಿದ್ದಿದ್ದರೆ ಇನ್ನೂ ಒಂದೆರಡು ದಿನ ಕೂತು ಇನ್ನಷ್ಟು ಆಪ್ಷನ್ ಸೇರಿಸುತ್ತಿದ್ದೆನೇನೋ ಎಂಬ ಅರ್ಥದಲ್ಲಿ ಬರೆದುಕೊಂಡಿದ್ದಾರೆ. ಇಪ್ಪತ್ತು ವರ್ಷ ಕಟ್ಟಿದ್ದು ಒಂದು ಕಡೆ, ಒಂದು ರಾತ್ರಿ ಬರೆದದ್ದು ಇನ್ನೊಂದು ಕಡೆ. ಲೋಕ ಯಾವುದನ್ನು ಎತ್ತಿಕೊಳ್ಳುತ್ತೆ ಅನ್ನೋದು ಬರೆಯುವವರ ಕೈಲಿಲ್ಲ. ಎರಡನ್ನೂ ಶ್ರದ್ಧೆಯಿಂದ ಮಾಡೋದು ಮಾತ್ರ ಕೈಲಿರೋದು. ಆ ಒಂದು ರಾತ್ರಿಯ ಹಿಂದೆಯೂ ಕರ್ನಲ್ ತಿದ್ದಬಲ್ಲಷ್ಟು ವರ್ಷಗಳ ಅಭ್ಯಾಸ ಇತ್ತು ಅನ್ನೋದನ್ನು ಮರೆಯಬಾರದು.

2000ದ ನವೆಂಬರ್ 20ರಂದು ಮೇರಿಲ್ಯಾಂಡ್‌ನ ಹೆದ್ದಾರಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಮೈಕ್ ಮ್ಯೂಸ್ ತೀರಿಕೊಂಡರು. ವಯಸ್ಸು ಬರೀ 42. ಅವರು ಹೋದ ನಾಲ್ಕು ವರ್ಷಕ್ಕೆ, 2004ರ ಡಿಸೆಂಬರ್‌ನಲ್ಲಿ, ಬಿಆರ್‌ಎಲ್-ಕ್ಯಾಡ್ ಮುಕ್ತ ತಂತ್ರಾಂಶವಾಯ್ತು. ಇವತ್ತು ಯಾರು ಬೇಕಾದರೂ ಇಳಿಸಿಕೊಂಡು ಅದರ ಮೂಲ ಓದಬಹುದು, ತಿದ್ದಬಹುದು. ಮೆಕ್ಯಾನಿಕಲ್‌ನವರೂ ಕಂಪ್ಯೂಟರ್ ಸೈನ್ಸ್‌ನವರೂ ಸೇರಿ ಮಾಡೋ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ರೆ ಅಲ್ಲಿಂದ ಶುರು ಮಾಡಿ ನೋಡಿ. ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳದೆ ನಾಲ್ಕು ಜನಕ್ಕೆ ಸಿಗೋ ಹಾಗೆ ಹೊರಗಿಡಿ.