ಸಾಯಿರಿ ಎಂದಿತ್ತು ಆದೇಶ, ಬದುಕಿಸಿತು ಒಂದು ಸಹಿ: ಮುರ್ಮುಗಾಂವ್‌ನಲ್ಲಿ ಸೋತ ಜನರಲ್‌ನ ಕಥೆ

1961ರ ಡಿಸೆಂಬರ್ 19, ರಾತ್ರಿ ಎಂಟೂವರೆ ಗಂಟೆ. ಮುರ್ಮುಗಾಂವ್ ಬಂದರಿಗೆ ತಾಗಿಕೊಂಡಿರುವ ವಾಸ್ಕೋ ಡ ಗಾಮ ಊರಿನಲ್ಲಿ ಗಾಡಿಗಳ ಹೆಡ್‌ಲೈಟ್ ಬೆಳಕಿನಲ್ಲಿ 62 ವರ್ಷದ ಒಬ್ಬ ಮಿಲಿಟರಿ ಅಧಿಕಾರಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಗೋವಾದಲ್ಲಿ 451 ವರ್ಷ ನಡೆದ ಪೋರ್ಚುಗೀಸ್ ಆಡಳಿತ ಅಲ್ಲಿಗೆ ಮುಗಿಯಿತು. ಆ ಅಧಿಕಾರಿ ಗೋವಾದ ಕೊನೆಯ ಗವರ್ನರ್ ಜನರಲ್ ಮ್ಯಾನುಯೆಲ್ ಆಂಟೋನಿಯೊ ವಸ್ಸಾಲೋ ಇ ಸಿಲ್ವ.

ಅವರು ಹುಟ್ಟಿದ್ದು 1899ರಲ್ಲಿ, ಪೋರ್ಚುಗಲ್‌ನ ತೊರೆಸ್ ನೊವಾಸ್ ಎಂಬ ಊರಿನಲ್ಲಿ. ಸೇನೆಯಲ್ಲಿ ಇಂಜಿನಿಯರ್ ಆಗಿ ಮೇಲೆ ಬಂದವರು. ಅವರ ಅಕ್ಕ ಮರಿಯಾ ಲಾಮಾಸ್ ಹೆಸರಾಂತ ಲೇಖಕಿ, ಸರ್ವಾಧಿಕಾರಿ ಸಲಾಜಾರ್‌ನ ವಿರೋಧಿ. ತಮ್ಮ ಅದೇ ಸಲಾಜಾರ್ ಸರಕಾರದ ನಂಬಿಕಸ್ಥ ಅಧಿಕಾರಿ. 1958ರಲ್ಲಿ ಅವರನ್ನು ಗೋವಾಕ್ಕೆ ಕಳಿಸಿದ್ದು ಸಲಾಜಾರ್ ಸರಕಾರವೇ.

ಬಂದ ಕಾಲ ಒಳ್ಳೆಯದಿರಲಿಲ್ಲ. ಬ್ರಿಟಿಷರು ಹೋಗಿ ಹತ್ತು ವರ್ಷ ದಾಟಿತ್ತು, ಪೋರ್ಚುಗೀಸರು ಮಾತ್ರ ಕದಲಿರಲಿಲ್ಲ. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ್ದರು. ಸ್ವಾತಂತ್ರ್ಯ ಕೇಳಿದ ಎಷ್ಟೋ ಗೋವನ್ನರು ಜೈಲಿನಲ್ಲಿದ್ದರು. 1961ರ ನವೆಂಬರ್‌ನಲ್ಲಿ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿಸಿದ ಮೇಲೆ ದಿಲ್ಲಿಯ ತಾಳ್ಮೆ ಮುಗಿಯಿತು.

ಯುದ್ಧ ಅಂದರೆ ಬರೀ ಧೈರ್ಯ ಅಲ್ಲ, ಅದಕ್ಕೊಂದು ಲೆಕ್ಕ ಇರುತ್ತದೆ. ಭಾರತದ ಕಡೆ ಬೆಳಗಾವಿಯನ್ನು ಕೇಂದ್ರ ಮಾಡಿಕೊಂಡು ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ ಸಿದ್ಧವಾಯಿತು. ಮೇಲುಸ್ತುವಾರಿ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ಅವರದು. ಎಲ್ಲ ಸೇರಿ ಸುಮಾರು 45,000 ಸೈನಿಕರು, ಜೊತೆಗೆ ನೌಕಾಪಡೆ, ವಾಯುಪಡೆ. ವಸ್ಸಾಲೋ ಬಳಿ ಇದ್ದದ್ದು ಸುಮಾರು 4,000 ಜನ. ಯುದ್ಧ ವಿಮಾನ ಒಂದೂ ಇಲ್ಲ. ದೊಡ್ಡ ಯುದ್ಧನೌಕೆ ಒಂದೇ, 'ಅಫೊನ್ಸೊ ಡಿ ಅಲ್ಬುಕರ್ಕ್', ಅದೂ ಮೂವತ್ತರ ದಶಕದ್ದು. ಟ್ಯಾಂಕ್ ಒಡೆಯುವ ಗ್ರೆನೇಡ್‌ಗಳನ್ನು ಸಾಸೇಜ್ ಎಂಬ ಗುಪ್ತ ಹೆಸರಿನಲ್ಲಿ ಕೇಳಿದಾಗ ಲಿಸ್ಬನ್‌ನಿಂದ ವಿಮಾನದಲ್ಲಿ ತಿನ್ನುವ ಸಾಸೇಜ್ ಬಂತು ಎಂಬ ಕಥೆ ಇಂದಿಗೂ ಪ್ರಸಿದ್ಧ. ಸರಬರಾಜು ಸಾವಿರಾರು ಮೈಲಿ ದೂರದಿಂದ ಬರಬೇಕಾದಾಗ ಆಗುವ ಗತಿ ಇದು.

ಅವರ ರಕ್ಷಣಾ ಯೋಜನೆಯ ಹೆಸರು 'ಪ್ಲಾನೊ ಸೆಂಟಿನೆಲಾ'. ಗಡಿಯಲ್ಲಿ ಸ್ವಲ್ಪ ಹೊತ್ತು ತಡೆಯುವುದು, ಸೇತುವೆ ಒಡೆಯುತ್ತಾ ಹಿಂದೆ ಸರಿಯುವುದು, ಕೊನೆಗೆ ಎಲ್ಲರೂ ಮುರ್ಮುಗಾಂವ್‌ನಲ್ಲಿ ಸೇರಿ ಹೋರಾಡುವುದು. ಮೂರು ಕಡೆ ನೀರು, ಹಿಂದೆ ಬಂದರು. ಕಾಗದದ ಮೇಲೆ ಚಂದ ಕಾಣುತ್ತಿತ್ತು. ಆದರೆ ಸಮುದ್ರವೇ ಎದುರಾಳಿಯ ಕೈಯಲ್ಲಿದ್ದರೆ ಬಂದರು ಬಾಗಿಲಲ್ಲ, ಗೋಡೆ.

ಡಿಸೆಂಬರ್ 14ರಂದು ಸಲಾಜಾರ್‌ನ ಸಂದೇಶ ಬಂತು. ಕನಿಷ್ಠ ಎಂಟು ದಿನ ತಡೆದು ನಿಲ್ಲಬೇಕು, ಅಷ್ಟರಲ್ಲಿ ಹೊರದೇಶಗಳ ಒತ್ತಡ ತರಬಹುದು ಎಂಬುದು ಅವನ ಲೆಕ್ಕ. ಶರಣಾಗತಿ ಇಲ್ಲ, ಕೈದಿಗಳೂ ಇರಬಾರದು. ಒಂದೋ ಗೆಲ್ಲಬೇಕು, ಇಲ್ಲವೇ ಸಾಯಬೇಕು. ಗೆಲ್ಲುವುದು ಸಾಧ್ಯವಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅದಕ್ಕೂ ಮುಂಚೆಯೇ ವಸ್ಸಾಲೋ ಒಂದು ಆದೇಶ ಮೀರಿದ್ದರು. ಡಿಸೆಂಬರ್ 9ರಂದು ತಿಮೋರ್‌ನಿಂದ ಲಿಸ್ಬನ್‌ಗೆ ಹೋಗುವ 'ಇಂಡಿಯಾ' ಎಂಬ ಹಡಗು ಮುರ್ಮುಗಾಂವ್‌ಗೆ ಬಂತು. ಯಾರನ್ನೂ ಹತ್ತಿಸಬಾರದು ಅಂತ ಲಿಸ್ಬನ್ ಹೇಳಿತ್ತು. ಹಡಗಿನಲ್ಲಿ ಜಾಗ ಇದ್ದದ್ದು 380 ಜನರಿಗೆ. ವಸ್ಸಾಲೋ ಹತ್ತಿಸಿದ್ದು 700 ಮಂದಿಯನ್ನು. ಹೆಂಗಸರು, ಮಕ್ಕಳು ಶೌಚಾಲಯದಲ್ಲೂ ಕೂತು ಪ್ರಯಾಣ ಮಾಡಿದರು. ಬಂದರಿನಿಂದ ಹೊರಟದ್ದು ಪೋರ್ಚುಗೀಸ್ ಕುಟುಂಬಗಳು ಮಾತ್ರ, ಊರಿನ ಜನ ಊರಲ್ಲೇ ಉಳಿದರು ಎಂಬುದನ್ನೂ ಮರೆಯಬಾರದು.

ಡಿಸೆಂಬರ್ 18ರ ಬೆಳಿಗ್ಗೆ 'ಆಪರೇಷನ್ ವಿಜಯ್' ಶುರುವಾಯಿತು. ದಾಬೋಲಿಂ ರನ್‌ವೇ ಮೇಲೆ ಬಾಂಬ್ ಬಿತ್ತು, ಬಾಂಬೋಲಿಂನ ರೇಡಿಯೊ ಕೇಂದ್ರ ಹಾಳಾಗಿ ಲಿಸ್ಬನ್ ಸಂಪರ್ಕ ಕಡಿಯಿತು. ಐಎನ್‌ಎಸ್ ಬೇತ್ವಾ ಮತ್ತು ಬಿಯಾಸ್ ಬಂದರಿನ ಹತ್ತಿರ ಅಲ್ಬುಕರ್ಕ್ ಮೇಲೆ ಗುಂಡು ಸುರಿಸಿದವು. ಕ್ಯಾಪ್ಟನ್ ಗಾಯಗೊಂಡರು, ಹಡಗು ದಡಕ್ಕೆ ಹತ್ತಿ ನಿಂತಿತು. ಅನ್ಮೋಡ್ ಘಾಟಿಯ ಕಡೆಯಿಂದ ಇಳಿದ 63ನೇ ಬ್ರಿಗೇಡ್‌ನ ಸೈನಿಕರು ಮರುದಿನ ಮಡಗಾಂವ್ ದಾಟಿ ವಾಸ್ಕೋ ಕಡೆ ಬಂದರು.

ಈಗ ತೀರ್ಮಾನ ವಸ್ಸಾಲೋ ಒಬ್ಬರದೇ. ಹೋರಾಡಿದರೆ ಮುರ್ಮುಗಾಂವ್ ಸ್ಮಶಾನ ಆಗುತ್ತಿತ್ತು, ಫಲಿತಾಂಶ ಮಾತ್ರ ಬದಲಾಗುತ್ತಿರಲಿಲ್ಲ. ಎಂಟು ದಿನ ಕೇಳಿದ್ದ ಕಡೆ ಯುದ್ಧ ಎರಡು ದಿನವೂ ಪೂರ್ತಿ ನಡೆಯಲಿಲ್ಲ. ಸತ್ತವರು ಪೋರ್ಚುಗಲ್ ಕಡೆ 30, ಭಾರತದ ಕಡೆ 22. ಆದೇಶ ಪಾಲಿಸಿದ್ದರೆ ಈ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ! ಹೋಗುವ ಮುಂಚೆ ಎಲ್ಲವನ್ನೂ ನಾಶಮಾಡಿ ಎಂಬ ಸೂಚನೆಯೂ ಇತ್ತು. ಅದನ್ನೂ ಅವರು ಪಾಲಿಸಲಿಲ್ಲ. ಹಳೇ ಗೋವಾದ ಕಟ್ಟಡಗಳು ಉಳಿದವು.

ಭಾರತ ಅವರನ್ನೂ ಮೂರು ಸಾವಿರಕ್ಕೂ ಹೆಚ್ಚು ಸೈನಿಕರನ್ನೂ ಕೈದಿಗಳಾಗಿ ಇಟ್ಟುಕೊಂಡಿತು. ಸೋತವರನ್ನು ಕರೆಸಿಕೊಳ್ಳಲು ಸಲಾಜಾರ್‌ಗೆ ಅವಸರ ಇರಲಿಲ್ಲ. 1962ರ ಮೇ ತಿಂಗಳಲ್ಲಿ ಅವರೆಲ್ಲ ಊರಿಗೆ ಮರಳಿದರು. ಅಲ್ಲಿ ಕಾದಿದ್ದದ್ದು ಅವಮಾನ. 1963ರಲ್ಲಿ ವಸ್ಸಾಲೋ ಅವರನ್ನು ಸೇನೆಯಿಂದ ಹೊರಹಾಕಲಾಯಿತು, ಅವರೊಂದಿಗೆ ಬೇರೆ ಅಧಿಕಾರಿಗಳಿಗೂ ಶಿಕ್ಷೆ ಆಯಿತು. ಜೀವಮಾನ ಇಡೀ ಕಟ್ಟಿದ ಹೆಸರು ಹೋಯಿತು.

ಹನ್ನೊಂದು ವರ್ಷ ಹಾಗೆಯೇ ಕಳೆಯಿತು. 1974ರ ಏಪ್ರಿಲ್ 25ರ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿದ ಮೇಲೆ ಅವರ ಪದವಿ ವಾಪಸ್ ಬಂತು. 1980ರಲ್ಲಿ ಅವರು ಮತ್ತೆ ಗೋವಾಕ್ಕೆ ಬಂದರು, ಈ ಸಲ ಅತಿಥಿಯಾಗಿ. ಒಂದು ಕಾಲದ ಪ್ರಜೆಗಳು ಪ್ರೀತಿಯಿಂದಲೇ ಬರಮಾಡಿಕೊಂಡರು. 1985ರಲ್ಲಿ ಲಿಸ್ಬನ್‌ನಲ್ಲಿ ತೀರಿಕೊಂಡರು.

ಅವರನ್ನು ಸಂತ ಮಾಡಬೇಕಾಗಿಲ್ಲ. ಮೂರು ವರ್ಷ ಅವರು ನಡೆಸಿದ್ದು ಪರಕೀಯ ಆಡಳಿತವನ್ನೇ, ಅದರ ಜೈಲುಗಳ ಲೆಕ್ಕವೂ ಅವರ ಖಾತೆಯಲ್ಲಿದೆ. ಗೋವಾಕ್ಕೆ ಸ್ವಾತಂತ್ರ್ಯ ಅವರು ಕೊಟ್ಟದ್ದಲ್ಲ, ಹೋರಾಡಿದವರು ಪಡೆದದ್ದು. ಆದರೆ ದೂರದಲ್ಲಿ ಕೂತವನ ಹಟಕ್ಕೆ ತನ್ನ ಕೈಕೆಳಗಿನ ಹುಡುಗರನ್ನು ಬಲಿಕೊಡುವುದಿಲ್ಲ ಅಂತ ತೀರ್ಮಾನಿಸಿ, ಅದರ ಬೆಲೆಯನ್ನು ಸ್ವತಃ ತೆತ್ತ ನಾಯಕ ಅಪರೂಪ. ಅಂದು ಮುರ್ಮುಗಾಂವ್‌ನಿಂದ ಜೀವಂತ ಮನೆಗೆ ಹೋದ ಸೈನಿಕರ ಮಕ್ಕಳು, ಮೊಮ್ಮಕ್ಕಳು ಇಂದು ಬದುಕಿರುವುದು ಆ ಒಂದು ಸಹಿಯಿಂದ.