ನೀರಿನ ಗುಣಕ್ಕೆ ಅಳತೆಗೋಲು ಕೊಟ್ಟ ಸೋರೆನ್ಸೆನ್

ಮನೆಯ ಈಜುಕೊಳವನ್ನು ನೋಡಿಕೊಳ್ಳುವವರು ಸಣ್ಣ ನಳಿಕೆಯಲ್ಲಿ ಕೊಳದ ನೀರು ತುಂಬಿ, ಫೀನಾಲ್ ರೆಡ್ ಎಂಬ ಸೂಚಕದ ಕೆಲವು ಹನಿಗಳನ್ನು ಬೆರೆಸಿ ಬಣ್ಣ ನೋಡುತ್ತಾರೆ. ಹಳದಿ ಬಂದರೆ ನೀರು ಆಮ್ಲದ ಕಡೆಗೆ ವಾಲಿದೆ; ಗಾಢವಾದ ಕೆಂಪು ಬಂದರೆ ಕ್ಷಾರದ ಕಡೆಗೆ. ಆ ಬಣ್ಣವನ್ನು ಸಂಖ್ಯೆಯಾಗಿ ಓದುವ ಪಿಎಚ್ ಮಾನವನ್ನು ಜಗತ್ತಿಗೆ ಕೊಟ್ಟವರು ಡೆನ್ಮಾರ್ಕಿನ ಒಬ್ಬ ರೈತನ ಮಗ, ಸೋರೆನ್ ಪೀಟರ್ ಲೌರಿಟ್ಸ್ ಸೋರೆನ್ಸೆನ್.

ಅವರು ಜನಿಸಿದ್ದು 1868ರ ಜನವರಿ 9ರಂದು, ಹಾವ್ರೆಬ್ಯೆರ್ಗ್ ಎಂಬ ಹಳ್ಳಿಯಲ್ಲಿ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಲಾರಂಭಿಸಿದವರು ರಸಾಯನಶಾಸ್ತ್ರದತ್ತ ಹೊರಳಿದರು. 1899ರಲ್ಲಿ ಡಾಕ್ಟರೇಟ್ ಪಡೆದರು. 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗಕ್ಕೆ ಮುಖ್ಯಸ್ಥರಾದರು. ಬಿಯರ್ ಉದ್ಯಮಿ ಯಾಕೋಬ್‌ಸೆನ್ 1875ರಲ್ಲಿ ಸ್ಥಾಪಿಸಿದ್ದ ಆ ಪ್ರಯೋಗಾಲಯಕ್ಕೆ ಒಂದು ಕಟ್ಟಳೆಯಿತ್ತು: ಅಲ್ಲಿ ಕಂಡುಕೊಂಡ ಮಹತ್ವದ ಯಾವುದನ್ನೂ ಗುಟ್ಟಾಗಿ ಇಡುವಂತಿರಲಿಲ್ಲ.

ಕಿಣ್ವಗಳ ಕೆಲಸವು ದ್ರಾವಣದ ಆಮ್ಲೀಯತೆಯನ್ನು ಅವಲಂಬಿಸಿರುವುದನ್ನು ಸೋರೆನ್ಸೆನ್ ಅಭ್ಯಸಿಸುತ್ತಿದ್ದರು. ಅಲ್ಲಿ ಎದುರಾಗುವ ಹೈಡ್ರೋಜನ್ ಅಯಾನುಗಳ ಪ್ರಮಾಣ ಅತಿ ಸೂಕ್ಷ್ಮ. ಶುದ್ಧ ನೀರಿನಲ್ಲಿ ಅದು ಲೀಟರಿಗೆ ಒಂದು ಮೋಲ್‌ನ ಕೋಟಿಯಲ್ಲೊಂದು ಪಾಲು. 1909ರಲ್ಲಿ ಅವರು ಈ ಸೊನ್ನೆಗಳ ಸಾಲನ್ನು 7 ಎಂಬ ಒಂದೇ ಅಂಕಿಯಲ್ಲಿ ಹಿಡಿದಿಟ್ಟರು. ಮಾನದಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತುಪಟ್ಟು ಏರುತ್ತದೆ. ಅದೇ ಪ್ರಬಂಧದಲ್ಲಿ ವಿದ್ಯುತ್ತಿನಿಂದ ಅಳೆಯುವ ವಿಧಾನವನ್ನೂ ಬಣ್ಣದಿಂದ ಅಳೆಯುವ ವಿಧಾನವನ್ನೂ ವಿವರಿಸಿದರು. ಪತ್ನಿ ಮಾರ್ಗರೇಟ್ ಅವರೂ ಸಂಶೋಧನೆಯಲ್ಲಿ ಜೊತೆಗಾರ್ತಿಯಾಗಿದ್ದರು.

ಕೊಳದ ನೀರಿಗೆ ಈ ಅಂಕಿ ಏಕೆ ಮುಖ್ಯ? ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು ಕ್ಲೋರಿನ್ನಿನಿಂದ ಉಂಟಾಗುವ ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಆ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಸುಮಾರು ಕಾಲು ಭಾಗವಷ್ಟೇ. ಕ್ಲೋರಿನ್ ಹಾಕಿದ್ದೇವೆಂದು ನಂಬಿ ಮಕ್ಕಳನ್ನು ನೀರಿಗಿಳಿಸಿದರೂ ರಕ್ಷಣೆ ಅರೆಬರೆಯಾದೀತು. ತೀರ ಇಳಿದರೆ ಕಣ್ಣು ಉರಿಯುತ್ತದೆ, ಲೋಹ ಸವೆಯುತ್ತದೆ. ಆದುದರಿಂದ 7.2ರಿಂದ 7.8ರೊಳಗೆ ಕಾಯ್ದುಕೊಳ್ಳುವುದು ವಾಡಿಕೆ. ಇಳಿಸಲು ಆಮ್ಲ, ಏರಿಸಲು ವಾಷಿಂಗ್ ಸೋಡಾ, ಪಿಎಚ್ ಹಠಾತ್ತನೆ ಓಲಾಡದಂತೆ ತಡೆಯಲು ಅಡುಗೆ ಸೋಡಾ. ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ.

ಸೋರೆನ್ಸೆನ್ 1939ರ ಫೆಬ್ರವರಿ 12ರಂದು ನಿಧನರಾದರು. ಅವರ ಬಾಳಿನಲ್ಲಿ ಗಡಿನಾಡಿನ ಕನ್ನಡಿಗರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆ ಪ್ರಬಂಧ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಮಾತ್ರವಲ್ಲ, ಅವರ ತಾಯ್ನುಡಿ ಡ್ಯಾನಿಷ್‌ನಲ್ಲಿಯೂ ಪ್ರಕಟವಾಯಿತು. ಲೋಕದ ಭಾಷೆಗಳನ್ನು ಕಲಿತರೆಂದು ಅವರು ಮನೆಯ ಭಾಷೆಯನ್ನು ವಿಜ್ಞಾನದಿಂದ ಹೊರಗಿಡಲಿಲ್ಲ. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಕನ್ನಡದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡೋಣ.